ಕಿಟಕಿ ಮುಚ್ಚಿದ ವಿಮಾನ

ನವೆಂಬರ್ 3, ಸೋಮವಾರ

ಸ್ಕೂಲಿಗೆ ಹೊರಡುವ ಮೊದಲು ಶೆಲ್ಫಿನ ಪುಟ್ಟ ವಿಮಾನಗಳನ್ನು ಒರೆಸಿದೆ. ಮೇಕಪ್ ಬ್ರಷ್‌ನಲ್ಲಿ. ಬಟ್ಟೆ ತಾಗಿದರೆ ಚಕ್ರ ಮುರಿಯುತ್ತೆ. ಇವರು ಬಾಗಿಲಲ್ಲಿ ನಿಂತು, "ಗಂಡಂಗೆ ತಿಂಡಿ ಇಲ್ಲ, ಬೊಂಬೆಗಳ್ಗೆ ಅಭಿಸೇಕ. ನರಸೀಪುರದ ಬಸ್ಸು ಓಯ್ತು ಕಣಮ್ಮೀ" ಅಂದರು. ಅನ್ನಲಿ.

ಸಾರಂಗ ಕಾರ್ಗೋದ ಒಂಬತ್ತು ವಿಮಾನಗಳಲ್ಲಿ ಎಂಟರ ಮಾಡೆಲ್ ಸಿಕ್ಕಿವೆ. ಅಂಗೈಯಗಲ ಒಂದೊಂದೂ. ನಿಜವಾದವು ಎಲ್ಲಾ ಸೆಕೆಂಡ್‌ಹ್ಯಾಂಡ್ ಮಾಲು — ಬೇರೆ ದೇಶದಲ್ಲಿ ಜನರನ್ನು ಹೊತ್ತು ಹೊತ್ತು ಹಣ್ಣಾದವು. ಸೀಟು ಕಿತ್ತು, ಕಿಟಕಿ ಮುಚ್ಚಿ, ಈಗ ಮೀನು, ಗುಲಾಬಿ, ಮೊಬೈಲು ತುಂಬುತ್ತಾರೆ. ಮಗಳು ಕವನ ಅಲ್ಲೇ ಕೋ-ಪೈಲಟ್. ಮೊದಲ ಸಂಬಳದಲ್ಲಿ ಒಂದು ಮಾಡೆಲ್ ತಂದುಕೊಟ್ಟಳು, ಅಲ್ಲಿಂದ ನನಗೆ ಹುಚ್ಚು. ಒಂದೊಂದರ ಜಾತಕವೂ ಬೇಕು — ಎಲ್ಲಿ ಹುಟ್ಟಿತು, ಯಾರ ಕೈ ದಾಟಿತು. ನೋಂದಣಿ 'ಕೆ' ಅಕ್ಷರದಲ್ಲಿ ಮುಗಿಯುವ ವಿಮಾನದ ಜಾತಕ ಮಾತ್ರ ನಡುವೆ ಕೆಲವು ವರ್ಷ ಖಾಲಿ. ಕವನ ಈಗ ಹೆಚ್ಚಾಗಿ ಹಾರಿಸುವುದು ಅದನ್ನೇ. ಮಾಡೆಲ್ ಕೂಡಿಡುವವರ ಆನ್‌ಲೈನ್ ಗ್ರೂಪಿನಲ್ಲಿ ಕೇಳಿದ್ದೇನೆ.

ನವೆಂಬರ್ 6, ಗುರುವಾರ

ಉತ್ತರ ಬಂತು. ಬರದಿದ್ದರೇ ಚೆನ್ನಾಗಿತ್ತು.

ಹಳೇ ಫೋಟೋ. ಬೇರೆ ಬಣ್ಣ, ಬೇರೆ ಕಂಪನಿಯ ಹೆಸರು. ಆದರೆ ಫ್ಯಾಕ್ಟರಿ ನಂಬರು ಬದಲಾಗಲ್ಲ — ಅದೇ 'ಕೆ'. ಬಾಲ ರನ್‌ವೇಗೆ ಉಜ್ಜಿ ಕಿಡಿ ಹಾರುತ್ತಿದೆ. ಆಮೇಲೆ ತೇಪೆ ಹಾಕಿ ಮಾರಿದ್ದಾರೆ. ಇಂಥ ತೇಪೆ ಸರಿಯಾಗಿ ಕೂರದೆ, ಎಷ್ಟೋ ವರ್ಷದ ಮೇಲೆ ಆಕಾಶದಲ್ಲೇ ಬಿಚ್ಚಿಕೊಂಡ ವಿಮಾನದ ಕಥೆ ಓದಿದ್ದೇನೆ. ಓದಬಾರದಿತ್ತು.

ನಂಜನಗೂಡಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಪಕ್ಕದ ಹೆಂಗಸು, "ಯಾಕವ್ವ, ಮೈಗುಸಾರಿಲ್ವಾ?" ಅಂದಳು. ಫೋನ್ ಬ್ಯಾಗಿಗೆ ಹಾಕಿಕೊಂಡೆ.

ನವೆಂಬರ್ 9, ಭಾನುವಾರ

ಕವನ ಬಂದಿದ್ದಾಳೆ. ಜೊತೆಗೆ ರೂಮ್‌ಮೇಟ್ ಚೈತ್ರ — ಅದೇ ಕಂಪನಿಯ ಪೈಲಟ್. ತಾಯಿ ಇಲ್ಲದ ಹುಡುಗಿ. ಕೋಳಿಸಾರು ಎರಡು ಸಲ ಬಡಿಸಿಕೊಂಡಳು.

ಅವಳು ಹಿತ್ತಲಿಗೆ ಹೋದಾಗ ಕವನಳಿಗೆ ಫೋಟೋ ತೋರಿಸಿದೆ. ನಕ್ಕಳು. "ರಿಪೇರಿ ಆಗಿದೆಯಲ್ಲಮ್ಮ. ಅದಕ್ಕೆಲ್ಲ ಪೇಪರ್ ಇರುತ್ತೆ."

"ನೀನು ನೋಡಿದ್ದೀಯಾ ಪೇಪರ್‌ನ?"

"ಹೊಸಬಳು ನಾನು, ಕೇಳಕ್ಕಾಗಲ್ಲ. ಬೊಂಬೆ ಇಟ್ಕೊಂಡು ನಮ್ಮಮ್ಮ ಕಂಡುಹಿಡಿದ್ಲು ಅನ್ನಲಾ?"

ಅವಳ ಕೈ ಎಳೆದು ನನ್ನ ತಲೆ ಮೇಲೆ ಇಟ್ಟುಕೊಂಡೆ. ಆ ವಿಮಾನ ಹತ್ತಲ್ಲ ಅನ್ನು, ಆಣೆ ಮಾಡು. ಮಕ್ಕಳಿಗೆ ಮೂಢನಂಬಿಕೆ ಬೇಡ ಅಂತ ಪಾಠ ಮಾಡುವವಳು ನಾನು! ಭಯಕ್ಕೆ ಬುದ್ಧಿ ಎಲ್ಲಿದೆ. ಆಣೆ ಮಾಡಿದಳು. 'ಕೆ' ಡ್ಯೂಟಿ ಬಂದಾಗ ಹುಷಾರಿಲ್ಲ ಅನ್ನುತ್ತಾಳಂತೆ. ಚೈತ್ರಂಗೂ ಹೇಳಬೇಡ, ಗೊತ್ತಾದರೆ ಕೆಲಸ ಹೋಗುತ್ತೆ ಅಂದಳು. ಸರಿ ಅಂದೆ.

ನವೆಂಬರ್ 18, ಮಂಗಳವಾರ, ಮಧ್ಯಾಹ್ನ

ಇವತ್ತು ಕವನಳಿಗೆ 'ಕೆ' ಡ್ಯೂಟಿ ಇತ್ತು. ಜ್ವರ ಅಂತ ಹೇಳಿ ರೂಮಿನಲ್ಲೇ ಉಳಿದಳು. ಮೆಸೇಜ್ ನೋಡಿ ಹೋದ ಜೀವ ಬಂತು. ಸ್ಟಾಫ್‌ರೂಮಿನಲ್ಲಿ ವನಜಾಕ್ಷಿ ಮೇಡಂಗೆ ಕಾಫಿ ಕೊಡಿಸಿದೆ. ಏನು ವಿಶೇಷ ಅಂದರು. ಏನಿಲ್ಲ ಅಂದೆ.

ಈಗ ಚೈತ್ರಳ ಫೋನು. "ಆಂಟಿ, ಕವನ ಫೋನ್ ಎತ್ತುತ್ತಿಲ್ಲ, ಮಲಗಿರಬೇಕು. ಗಂಜಿ ಮಾಡಿಟ್ಟು ಬಂದಿದ್ದೀನಿ, ತಿನ್ನಕ್ಕೆ ಹೇಳಿ. ಅವಳ ಬದಲಿಗೆ ನನ್ನ ಹಾಕಿದ್ದಾರೆ, ಇನ್ನೇನು ಹೊರಡ್ತೀವಿ."

"ಯಾವ ವಿಮಾನ?"

"ನಿಮಗೆ ಅದೇ ಚಿಂತೆ!" ನಕ್ಕಳು. "'ಕೆ' ಆಂಟಿ."

"ಹುಷಾರು ಕಣವ್ವ" ಅಂದೆ. ಅಷ್ಟೇ ಅಂದೆ. ಅವಳು ಫೋನ್ ಇಟ್ಟಳು.

ಬದಲಿಗೆ ಇನ್ನೊಬ್ಬರು ಹತ್ತಲೇಬೇಕು ಅಂತ ನನಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ನನ್ನ ಮಗಳಲ್ಲವಲ್ಲ ಅಂದುಕೊಂಡಿದ್ದೆ. ಥೂ ನನ್ನ. ಹೇಳಿದರೆ ಕವನಳ ಸುಳ್ಳು ಬಯಲಾಗುತ್ತೆ, ಕೆಲಸ ಹೋಗುತ್ತೆ. ಹೇಳದಿದ್ದರೆ... ಇನ್ನೂ ವಿಮಾನದ ಬಾಗಿಲು ಹಾಕಿರಲ್ಲ. ಅಲ್ಲ, ಬರೀತಾ ಕೂತಿದ್ದೀನಲ್ಲ ನಾನು, ಫೋನ್ ಎಲ್ಲಿ ಇಟ್ಟೆ, ಇಲ್ಲೇ