ಟೀಚರ್ ‘ತಡಿ’ ಅಂದಾಗ

ಜನವರಿ 9
ಹಾಲು ಉಕ್ಕಿ, ಸ್ಟೌ ಒರೆಸುವಷ್ಟರಲ್ಲಿ ಬಸ್ ಹೋಯಿತು. ಹಾಸನದಿಂದ ಹೊಳೆನರಸೀಪುರ ಮುಟ್ಟಿದ್ದು ತಡವಾಗಿ. ಜಯಲಕ್ಷ್ಮಮ್ಮ ಟೀಚರ್ ಸೆರಗು ಸಿಕ್ಕಿಸಿಕೊಂಡು ಕಾಯುತ್ತಿದ್ದರು. “ಏನೇ ಹಂಸ, ನಿಂಗೆ ಬರೋ ಮನಸ್ಸೇ ಇರ್ಲಿಲ್ವಾ?”

ಟೀಚರ್ ನೃತ್ಯದ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿರುವ ವಿಶ್ವಾಸ್ ಇವತ್ತು ಅರಕಲಗೂಡಿನಲ್ಲಿ, ನನ್ನ ಹಾಗೇ ಇನ್ನೊಬ್ಬ ಹಳೇ ಶಿಷ್ಯೆಯ ಇಂಟರ್‌ವ್ಯೂಗೆ. ಇಲ್ಲಿ ಕ್ಯಾಮೆರಾಗೆ ನಾಗೇಶ್ ಒಬ್ಬನೇ — ಚನ್ನರಾಯಪಟ್ಟಣದವನು, ಮದುವೆ ವಿಡಿಯೋದವನು. ಟೀಚರ್ ಅಂದರೆ ಭಯಭಕ್ತಿ.

ಡಾಕ್ಟರ್ ಬೇಡವೆಂದಿದ್ದರೂ ಕುಣಿದರು! ಮಧ್ಯೆ ಮಧ್ಯೆ ತಮಗೆ ತಾವೇ “ತಡಿ” ಎಂದು ನಿಂತುಬಿಡುವುದು. ತಾಳವಿಲ್ಲ, ಗೆಜ್ಜೆಯಿಲ್ಲ. ಆ ನಿಲ್ಲುವುದೇ ಅವರ ನೃತ್ಯ. ಈಗ ಬೆಂಗಳೂರಿನಲ್ಲಿ ಹೊಸ ಡ್ಯಾನ್ಸ್ ಅನ್ನುವವರೆಲ್ಲ ಹಾಗೆ ನಿಲ್ಲಲು ಹೋಗುತ್ತಾರೆ. ಯಾರಿಂದ ಬಂತು ಅಂತ ಒಬ್ಬರೂ ಹೇಳುವುದಿಲ್ಲ. ಸಿನಿಮಾ ಬರಲಿ, ಗೊತ್ತಾಗುತ್ತದೆ.

ಜನವರಿ 14
ಟೀಚರ್ ಹೋದರು. ನಿದ್ದೆಯಲ್ಲೇ ಅಂತೆ.

ಫೆಬ್ರವರಿ 2
ವಿಶ್ವಾಸ್, ನಾಗೇಶ್ ಲ್ಯಾಪ್‌ಟಾಪ್ ತಂದಿದ್ದರು. ಕುಣಿತವೆಲ್ಲ ಇದೆ. ನಿಂತದ್ದು ಒಂದೂ ಇಲ್ಲ. “ತಡಿ” ಎಂದೊಡನೆ ಕಟ್. ಮತ್ತೆ ಕುಣಿತ. ಮತ್ತೆ ಕಟ್.

ನಾಗೇಶನ ಮುಖ ಬಿಳುಚಿತ್ತು. “ಅಮ್ಮೋರು ತಡಿ ಅಂದ್ರಲ್ಲಾ ಅಕ್ಕಾ... ಸುಸ್ತಾಯ್ತೇನೋ ಅಂತ ಆಫ್ ಮಾಡ್ಬುಟ್ಟೆ.”

“ನಿಲ್ಸು ಅಂತಲ್ಲ ಕಣೋ ಅದು!”

“ಮತ್ತೇನಕ್ಕಾ?”

ಮರ್ಯಾದೆ ಕೊಡಲು ಹೋಗಿ ಎಲ್ಲ ಕಳೆದಿದ್ದಾನೆ. ಬೈಯಲೂ ಆಗಲಿಲ್ಲ. ಬಚ್ಚಲಿಗೆ ಹೋಗಿ ಅತ್ತೆ.

ಫೆಬ್ರವರಿ 19
ವಿಶ್ವಾಸ್ ಫೋನು. “ಟೀಚರ್ ಸೀರೆ ಉಟ್ಟು ನೀವೇ ನಿಂತ್ಬಿಡಿ ಮೇಡಂ. ಬೆನ್ನು ಮಾತ್ರ ತೋರಿಸ್ತೀವಿ.”

ಛೀ ಅಂದೆ. ಇಟ್ಟುಬಿಟ್ಟೆ.

ಮಾರ್ಚ್ 6
ಒಪ್ಪಿಕೊಂಡೆ. ಬೇರೆ ದಾರಿ ಇತ್ತಾ? ಆ ನಿಲ್ಲುವುದು ಇಲ್ಲದಿದ್ದರೆ ಸಿನಿಮಾದಲ್ಲಿ ಟೀಚರೇ ಇಲ್ಲ.

ನಿಂತೆ. ವಿಶ್ವಾಸ್ ಕಣ್ಣೊರೆಸಿಕೊಂಡ. “ಅಮ್ಮೋರೇ ನಿಂತಂಗೈತೆ ಕಣಕ್ಕಾ,” ಎಂದ ನಾಗೇಶ್, ಸಮಾಧಾನವಾಗಿ.

ಸುಳ್ಳು. ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದೆ, ಅಷ್ಟೇ. ಟೀಚರ್ ಕಾಯುತ್ತಿರಲಿಲ್ಲ. ಅವರು ನಿಂತರೆ ಮೈಯೊಳಗೆ ಕುಣಿತ ನಡೆಯುತ್ತಲೇ ಇರುತ್ತಿತ್ತು, ನೋಡುವವರಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನನ್ನ ಬೆನ್ನಲ್ಲಿ ಏನೂ ಇಲ್ಲ. ಆದರೂ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಇನ್ನು ಜಗತ್ತಿಗೆ ಟೀಚರ್ ಅಂದರೆ ಈ ಬೆನ್ನು. ಮಕ್ಕಳು ಇದನ್ನೇ ನೋಡಿ ಕಲಿಯುತ್ತಾರೆ.

ಮಾರ್ಚ್ 7
ನಿಜವಾದದ್ದನ್ನು ಬರೆದಾದರೂ ಇಡೋಣ ಅಂತ ಕೂತೆ. ಮರೆಯುವ ಮೊದಲು.

ಬಲಗಾಲು ಮುಂದೆ. ಭಾರ ಹಿಮ್ಮಡಿಯ ಮೇಲೆ.
ಅಲ್ಲ, ಎಡಗಾಲು. ಭುಜ ಸ್ವಲ್ಪ... ಕೆಳಗಾ? ಕತ್ತು—