ಸೀಲು ಬಿದ್ದ ಮೊದಲ ಸಂಪುಟ

ಜನವರಿ 9

ಇವತ್ತು ಎರಡು ಕಾಲೇಜು. ಮೊದಲನೆಯದರಲ್ಲಿ ಲಿಫ್ಟ್ ಕೆಟ್ಟಿತ್ತು. ಲೈಬ್ರರಿ ನಾಲ್ಕನೇ ಮಹಡಿಯಲ್ಲಿ – ಓದುವವರು ಬರಬಾರದೆಂದೇ ಅಲ್ಲಿಟ್ಟಿರಬೇಕು. ಒಂದನೇ ಸಂಪುಟ ಎರಡೂವರೆ ಕೆಜಿ. ಹೊತ್ತು ಹತ್ತಿದೆ. ಮಂಡಿ ಈಗಲೂ ಬೈಯುತ್ತಿದೆ.

ಅದೇ ಪಾಠ ಒಪ್ಪಿಸಿದೆ. ಕಸುಬುಗಳ ಪದಕೋಶ, ಐದು ಸಂಪುಟ. ಬಡಗಿ, ನೇಕಾರ, ಕಮ್ಮಾರ, ದರ್ಜಿ ಕೆಲಸ ಮಾಡುತ್ತ ಆಡುವ ಮಾತುಗಳು. ನಮ್ಮಣ್ಣ ಒಬ್ಬನೇ ಮೂವತ್ತೊಂದು ವರ್ಷ ಕೂಡಿಹಾಕಿದ್ದು. ನಾಲ್ಕು ಅಚ್ಚಾಗಿವೆ. ಐದನೆಯದು ಪ್ರೂಫ್ ಮುಗಿದು ಕೂತಿದೆ. ಮಾರ್ಚ್ 31ರೊಳಗೆ ನಲವತ್ತು ಲೈಬ್ರರಿಗಳು ಪೂರ್ತಿ ಸೆಟ್ಟಿಗೆ ಆರ್ಡರ್ ಕೊಟ್ಟರೆ ಮಾತ್ರ ಅಚ್ಚು ಹಾಕಿಸುತ್ತಾನಂತೆ ಆ ಪ್ರಕಾಶಕ.

ಗ್ರಂಥಪಾಲಕ ಫೋನಿನಿಂದ ತಲೆ ಎತ್ತದೆ, "ಈಗೆಲ್ಲ ನೆಟ್ಟಲ್ಲೇ ಸಿಗುತ್ತಲ್ಲಮ್ಮ" ಎಂದ.

"ಹಂಜಿ ಅಂದ್ರೆ ಏನು? ಹುಡುಕಿ, ನೋಡೋಣ."

ಹುಡುಕಿದ. ಯಾವುದೋ ಚಪ್ಪಲಿ ಅಂಗಡಿ ಬಂತು. ನೂಲೋಕೆ ಸುತ್ತಿಟ್ಟ ಹತ್ತಿ ಕಣಪ್ಪಾ ಎಂದೆ. ಮುಖ ಸಣ್ಣ ಮಾಡಿಕೊಂಡು, ಕಮಿಟಿ ಮುಂದೆ ಇಡ್ತೀನಿ ಎಂದ.

ತಕ್ಷಣ ಒಪ್ಪಿದವರಿಗೆ ಮಾದರಿ ಪ್ರತಿ ಬೇಕಿಲ್ಲ. ಹೀಗೆ ಎಳೆದಾಡುವವರಿಗೆ ಮಾತ್ರ ಒಂದನೇ ಸಂಪುಟ ಬಿಟ್ಟು ಬರುವುದು. ಸುಮ್ಮನೆ ಬಿಟ್ಟು ಬರುವವಳಲ್ಲ ನಾನು. "ರಿಜಿಸ್ಟರಿಗೆ ಏರಿಸಿ, ಸೀಲು ಹೊಡೆದು, ನಂಬರ್ ಬರೆದ ರಸೀದಿ ಕೊಡಿ" ಎಂದು ಪಟ್ಟು ಹಿಡಿಯುತ್ತೇನೆ. ಇಲ್ಲದಿದ್ದರೆ ಅಣ್ಣನ ಪುಸ್ತಕ ಯಾವನೋ ಗುಮಾಸ್ತನ ಕುರ್ಚಿಗೆ ಎತ್ತರ ಕೊಡುತ್ತೆ.

ಸಂಜೆ ಅಣ್ಣನಿಗೆ ರಸೀದಿ ತೋರಿಸಿದೆ. ಸೀಲಿನ ಮೇಲೆ ಬೆರಳಾಡಿಸಿದ. ಇನ್ನು ಅಳಿಸೋಕಾಗಲ್ಲ ಅಲ್ವಾ ಎಂದ.

ಜನವರಿ 27

ಅತ್ತಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಹೇಳಿದಳು. "ನಿಮ್ಮಣ್ಣ ಬೇಸಿಗೆ ದಾಟೋದು ಕಷ್ಟ ಅಂದ್ರು ಡಾಕ್ಟ್ರು. ಶ್ವಾಸಕೋಶ ಎರಡೂ ಹೋಗಿದೆ. ಅವರ ಎದುರು ಅಳಬೇಡ, ಮಾರಾಯ್ತಿ."

ಅಳಲಿಲ್ಲ. ಆಟೋದವನ ಜೊತೆ ಜಗಳವಾಡಿದೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಆರ್ಡರ್ ಹನ್ನೊಂದು.

ಫೆಬ್ರವರಿ 20

ಆರ್ಡರ್ ಹತ್ತೊಂಬತ್ತು. ಮಾದರಿ ಬಿಟ್ಟು ಬಂದದ್ದು ಇಪ್ಪತ್ತಾರು ಕಡೆ – ಎಲ್ಲ ಕಮಿಟಿಗಳೂ ಮಾರ್ಚ್ ಮೊದಲ ವಾರ ಕೂರುತ್ತವೆ. ಅಷ್ಟೂ ಬಂದರೆ ನಲವತ್ತೈದು.

ಅಣ್ಣ ಇವತ್ತು ದಿಂಬಿಗೊರಗಿ ಕೂತಿದ್ದ. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಾನೆ. "ಹಕಾರ ಇರೋದು ಐದರಲ್ಲಿ... ಅದಿಲ್ಲದಿದ್ರೆ ನೇಕಾರನಿಗೆ ಹಾಸೂ ಇಲ್ಲ, ಹೊಕ್ಕೂ ಇಲ್ಲ ಕಣೇ. ಬರೀ ಮಗ್ಗ."

ನಕ್ಕೆವು. ಆಮೇಲೆ ಅವನಿಗೆ ಕೆಮ್ಮು ಹತ್ತಿತು.

ಮಾರ್ಚ್ 14

ಬರೆಯಲು ಕೈ ಬರುತ್ತಿಲ್ಲ.

ಮಹಿಳಾ ಕಾಲೇಜಿಗೆ ಹೋಗಿದ್ದೆ. ಅಲ್ಲಿನ ಗ್ರಂಥಪಾಲಕಿ ಒಳ್ಳೆಯ ಹುಡುಗಿ, ಅಣ್ಣನ ಪುಸ್ತಕವನ್ನು ನಿಜಕ್ಕೂ ಓದಿದವಳು. ತಲೆ ತಗ್ಗಿಸಿಕೊಂಡೇ ಮಾತಾಡಿದಳು.

"ಕಮಿಟಿ ಒಪ್ಪಿತ್ತು ಮೇಡಂ. ಕಂಪ್ಯೂಟರ್ ಒಪ್ಪಲಿಲ್ಲ. ಹೆಸರು ಹೊಡೆದ್ರೆ 'ಈಗಾಗಲೇ ಲೈಬ್ರರಿಯಲ್ಲಿದೆ' ಅಂತ ಬರುತ್ತೆ. ಇರೋ ಪುಸ್ತಕಾನೇ ಮತ್ತೆ ತರಿಸೋ ಹಾಗಿಲ್ಲ."

"ಇರೋದು ಒಂದೇ ಸಂಪುಟ ಅಲ್ವೇನಮ್ಮ?"

"ನಂಬರ್ ಇಡೀ ಕೋಶದ ಹೆಸರಿಗೆ ಕೂತುಬಿಟ್ಟಿದೆ. ನಾನು ಆವತ್ತೇ ಸುಮ್ನೆ ಮೇಜಿನ ಮೇಲಿಡ್ತೀನಿ ಅಂದೆ. ನೀವೇ..."

ಪಟ್ಟು ಹಿಡಿದು ಸೀಲು ಹೊಡೆಸಿದವಳು ನಾನೇ.

ತೆಗೆಸೋಕಾಗಲ್ವಾ ಎಂದೆ. ಮೇ ತಿಂಗಳಲ್ಲಿ ಪುಸ್ತಕಗಳ ಎಣಿಕೆ. ಆಗ 'ಕಳೆದುಹೋಗಿದೆ' ಎಂದು ಬರೆದರೆ ಮಾತ್ರ ನಂಬರ್ ಬಿಡುತ್ತದಂತೆ.

ಮಧ್ಯಾಹ್ನವೆಲ್ಲ ಉಳಿದ ಇಪ್ಪತ್ತೈದಕ್ಕೂ ಫೋನ್ ಮಾಡಿದೆ. ಒಂದೊಂದು ಕಡೆ ಒಂದೊಂದು ದನಿ, ಉತ್ತರ ಒಂದೇ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ. ನನ್ನ ಕಾಲಾಗಿದ್ದರೆ ಹೋಗಲಿ. ಅಣ್ಣನದು.

ಮಾರ್ಚ್ 31

ಪ್ರಕಾಶಕನ ಆಫೀಸು. ಮೇ ತನಕ ತಡೆಯಿರಿ ಎಂದು ಕೈ ಮುಗಿದೆ. ಈ ವಯಸ್ಸಿನಲ್ಲಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನಿಗೆ.

"ನಾಳೆಯಿಂದ ಪ್ರೆಸ್ಸು ಪಠ್ಯಪುಸ್ತಕಕ್ಕೆ ಹೋಗುತ್ತೆ ಅಮ್ಮ. ಐದನೇದು ಬಿಟ್ಟುಬಿಡಿ. ನಾಲ್ಕೂ ಚೆನ್ನಾಗೇ ಇದೆಯಲ್ಲ?" ಎಂದ.

ಮನೆಗೆ ಬಂದರೆ ಅಣ್ಣ ಕಾಯುತ್ತಿದ್ದ. "ಎಷ್ಟು ಲೈಬ್ರರಿಗೆ ಸೇರ್ತೇ?"

"ನಲವತ್ತೈದು."

ಲೆಕ್ಕ ನಿಜವೇ. ಹತ್ತೊಂಬತ್ತು ಆರ್ಡರ್, ಇಪ್ಪತ್ತಾರು ಸೀಲು. ಅವನು ಕಣ್ಣು ಮುಚ್ಚಿಕೊಂಡ. "ಹಾಗಾದ್ರೆ ಅಚ್ಚಿಗೆ ಹೋಯ್ತು ಬಿಡು."

ಇಲ್ಲ ಎನ್ನಲಿಲ್ಲ.

ಏಪ್ರಿಲ್ 6

ದಿನಾ ಕೇಳುತ್ತಾನೆ. ಅಚ್ಚಾದ ಫಾರಂ ಬಂತಾ? ರಟ್ಟಿನ ಬಣ್ಣ ಯಾವುದು? ಹಸಿರು ಎಂದೆ ನಿನ್ನೆ. ಅಡುಗೆಮನೆಯಲ್ಲಿ ಅತ್ತಿಗೆ ನನ್ನ ಮುಖ ನೋಡದೆ ಹೇಳಿದಳು – "ಹಚ್ಚಿದವಳು ನೀನು, ನೀನೇ ಆರಿಸು. ನನ್ನ ಕೈಲಂತೂ ಆಗಲ್ಲ."

ನಾಳೆ ಹೇಳುತ್ತೇನೆ.

ಏಪ್ರಿಲ್ 9

ನಾಳೆ.

ಏಪ್ರಿಲ್ 13, ಬೆಳಿಗ್ಗೆ 11

ಅಣ್ಣ ಹೋದ. ಹತ್ತಕ್ಕೆ ಹತ್ತು ನಿಮಿಷವಿತ್ತು. ಅದಕ್ಕೆ ಮುಂಚೆ ಪ್ರೂಫ್ ಕಟ್ಟು ತರಿಸಿ ಎದೆಯ ಮೇಲಿಟ್ಟುಕೊಂಡ. ಭಾರ ಆಗುತ್ತೆ, ತೆಗೀತೀನಿ ಎಂದೆ. ಇರಲಿ, ಅಚ್ಚಾದದ್ದು ಬರೋ ತನಕ ಎಂದ.

ನಾನು ಹೇಳಲೇ ಇಲ್ಲ.

ಮೇ 19

ಮಹಿಳಾ ಕಾಲೇಜಿನ ಗ್ರಂಥಪಾಲಕಿಯ ಫೋನು. ಸಂತೋಷ ದನಿಯಲ್ಲೇ ಇತ್ತು. ಎಣಿಕೆ ಮುಗೀತಂತೆ. ಒಂದನೇ ಸಂಪುಟವನ್ನು ತಾನೇ ಬೀರುವಿನಲ್ಲಿ ಬಚ್ಚಿಟ್ಟು 'ಕಳೆದುಹೋಗಿದೆ' ಎಂದು ಬರೆದಳಂತೆ. ನಂಬರ್ ಬಿಟ್ಟಿತಂತೆ. ಇನ್ನೂ ಹನ್ನೆರಡು ಕಾಲೇಜಿನವರಿಗೆ ಹೇಳಿಕೊಟ್ಟಳಂತೆ, ಅವರೂ ತರಿಸುತ್ತಾರಂತೆ.

ಅಣ್ಣನ ವಿಷಯ ಅವಳಿಗೆ ತಿಳಿದಿಲ್ಲ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಆರ್ಡರ್ ಬರೀತಿದ್ದೀನಿ ಮೇಡಂ. ಒಟ್ಟು ಎಷ್ಟು ಸಂಪುಟ ಅಂತ ಹಾಕಲಿ?" ಎಂದಳು.

ಐದು ಎಂದೆ.

ಪ್ರೂಫ್ ಕಟ್ಟು ಇಲ್ಲೇ ಮೇಜಿನ ಮೇಲಿದೆ. ಐದನೆಯದು ಅಂತ ಇರುವುದು ಇದೊಂದೇ.