ಅಮ್ಮನ ಕೈಗೆ ಕೊಟ್ಟ ಫೋನು

ನಾವುಂದ
ಶುಕ್ರವಾರ, 13 ಜೂನ್ 2025

ಪ್ರೀತಿಯ ಅಪ್ಪಯ್ಯನಿಗೆ ನಿಮ್ಮ ನಿಖಿತಾ ಮಾಡುವ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಇಡೀ ದಿನ ಹೋಟೆಲಿನ ಗಲ್ಲಾದಲ್ಲಿ ಕೂತೇ ಇರಬೇಡಿ, ಆಗಾಗ ಎದ್ದು ಓಡಾಡಿ. ಡೊಂಬಿವಿಲಿಯಲ್ಲೂ ಮಳೆ ಹಿಡಿದಿದೆಯಂತೆ. ಇಲ್ಲಿ ನಾವಿಬ್ಬರೂ ಕ್ಷೇಮ. ದಿನಾ ಫೋನಿರುವಾಗ ಇವಳು ಪತ್ರ ಬರೆದದ್ದೇಕೆ ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ನಾನು ನನ್ನ ಮಾತು ಆಡಿದ್ದು ಕಡಿಮೆ. ಅಮ್ಮನದನ್ನು ನಿಮಗೆ, ನಿಮ್ಮದನ್ನು ಅಮ್ಮನಿಗೆ ದಾಟಿಸಿದ್ದೇ ಹೆಚ್ಚು.

ನೀವು ಊರಿಗೆ ಬಂದಾಗಲೂ ಹಾಗೇ ಅಲ್ಲವೇ? ಅಡುಗೆಮನೆಯಿಂದ ಅಮ್ಮ, "ಅಪ್ಪಯ್ಯಂಗ್ ಹೇಳ್, ಗಂಜಿ ತಣ್ಗಾತ್ತ್ ಅಂದೇಳಿ." ಜಗಲಿಯಿಂದ ನೀವು, "ಅಮ್ಮಂಗ್ ಹೇಳ್, ಈಗ ಬತ್ತೆ." ನಡುವೆ ಇದ್ದದ್ದು ಒಂದು ಬಾಗಿಲು ಮತ್ತು ನಾನು. ನೀವಿಬ್ಬರೂ ಜಗಳವಾಡಿದವರಲ್ಲ, ಪ್ರೀತಿಗೂ ಕಡಿಮೆಯಿಲ್ಲ. ನೇರ ಮಾತಾಡಲು ಇಬ್ಬರಿಗೂ ಸಂಕೋಚ. ಅಮ್ಮನ ಮಾತಿನ ಖಾರ ಸ್ವಲ್ಪ ಇಳಿಸಿ, ನಿಮ್ಮ ಮೌನಕ್ಕೆ ಎರಡು ಮಾತು ಸೇರಿಸಿ ತಲುಪಿಸುವುದರಲ್ಲಿ ನಾನು ಪಳಗಿಬಿಟ್ಟೆ. ಆದರೆ ಎಂ.ಎ. ಮುಗಿಸಿದ ಮೇಲೂ ಯಾರಾದರೂ ನಿನಗೇನು ಬೇಕು ಎಂದರೆ, ಯಾರನ್ನು ಕೇಳಿಕೊಂಡು ಬರಲಿ ಎಂದು ಸುತ್ತ ನೋಡುತ್ತಿದ್ದೆ.

ಬ್ರಹ್ಮಾವರದ ಶಾಲೆಯ ಕೆಲಸದಲ್ಲೂ ಅದೇ ಆಯಿತು. ಕನ್ನಡ ಟೀಚರ್, ಹುಡುಗಿಯರ ಹಾಸ್ಟೆಲಿನಲ್ಲೇ ಉಳಿಯಬೇಕು, ಶುಕ್ರವಾರದೊಳಗೆ ಉತ್ತರ ಹೇಳಬೇಕು. ನೀವು, "ಅಮ್ಮ ಅಕ್ಕ್ ಅಂದ್ರೆ ನಂಗೂ ಅಕ್ಕ್" ಎಂದು ಒಪ್ಪಿಗೆಯನ್ನು ಅಮ್ಮನಿಗೇ ಬಿಟ್ಟಿರಿ. ಅಮ್ಮ, "ಅಪ್ಪಯ್ಯ ಹೇಳ್ದಂಗೆ" ಎಂದಳು. ಇಬ್ಬರ ನಡುವೆ ಓಡಾಡಿ ದಿನಗಳು ಕಳೆದವು. ನನಗೆ ಆ ಕೆಲಸ ಎಷ್ಟು ಬೇಕಿತ್ತೆಂದು ನೀವಿಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬುಧವಾರದ ಫೋನು ನೆನಪಿದೆಯಲ್ಲ? ಮಾತು ನಿಂತಾಗ ನೀವು ಲೈನ್ ಕಟ್ಟಾಯಿತೆಂದು ಹಲೋ ಹಲೋ ಎಂದಿರಂತೆ. ಕಟ್ಟಾಗಿರಲಿಲ್ಲ. ಅಮ್ಮ ಹಲಸಿನ ಬೀಜ ಸುಲಿಯುತ್ತಾ "ಅಪ್ಪಯ್ಯಂಗ್ ಹೇಳ್" ಎಂದು ಶುರು ಮಾಡಿದಳು. ನಾನು ಫೋನನ್ನು ಅವಳ ಕೈಗೇ ಕೊಟ್ಟು ಅಂಗಳಕ್ಕೆ ಇಳಿದುಬಿಟ್ಟೆ. ಕಿಟಕಿಯಿಂದ ನೋಡಿದರೆ ಅಮ್ಮ ಫೋನನ್ನು ಬಿಸಿ ಪಾತ್ರೆಯ ಹಾಗೆ ಹಿಡಿದಿದ್ದಳು. ಕೊನೆಗೂ, "ಉಂಡ್ರ್ಯಾ?" ಎಂದಳು. ಆಮೇಲೆ ನಿಮ್ಮ ಬಿ.ಪಿ. ಮಾತ್ರೆ, ಚೌತಿಗೂ ಸಿಗದ ರಜೆ, ಸೋರುವ ಮಾಡು, ಎಲ್ಲ ಒಂದೊಂದಾಗಿ ಹೊರಬಂತು. ನೀವೂ ಬಿಡಲಿಲ್ಲವಂತೆ. ಪಕ್ಕದ ಮನೆಯ ರಾಜೀವಿ ಅಕ್ಕ ಬೇಲಿಯಾಚೆಯಿಂದ, "ಹ್ವಾಯ್, ಯಾರ್ ಹತ್ರ ಜಗ್ಳ ಮಾರಾಯ್ತಿ?" ಎಂದರು. ಅಮ್ಮ ಫೋನು ಕಿವಿಯಿಂದ ತೆಗೆಯದೆ, "ನಮ್ಮನಿಯವ್ರ್ ಹತ್ರ. ನಿಂಗೆಂತ ಆಯ್ಕ್?" ಎಂದಳು. ಆ ಜಂಬ ನಿಮಗೂ ಕೇಳಿಸಿರಬೇಕು.

ಫೋನಿಟ್ಟವಳು ನನ್ನ ಮುಖ ನೋಡಿ, "ನಿನ್ ಸುದ್ದಿ ಮಾತಾಡುಕೇ ಮರ್ತ್ ಹೋಯ್ತ್ ಕಾಣ್" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ನನ್ನನ್ನೇ ಮರೆಯುವಷ್ಟು ನಿಮ್ಮಿಬ್ಬರಲ್ಲಿ ಮಾತಿತ್ತು, ಅಪ್ಪಯ್ಯ. ಯಾವ ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಮಾತ್ರೆ ತಪ್ಪಿಸಬೇಡಿ. ನಿಮ್ಮ ಜೊತೆಗಿರುವ ರಾಜೇಂದ್ರಣ್ಣನನ್ನೂ ಕೇಳಿದೆನೆಂದು ಹೇಳಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗಳು
ನಿಖಿತಾ

ವಿ.ಸೂ.: ಬೆಳಿಗ್ಗೆ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗಿ ಕೆಲಸಕ್ಕೆ ಒಪ್ಪಿ ಬಂದೆ. ಮನೆಯಲ್ಲಿ ಕೇಳಿದ್ದೀರಾ ಎಂದರು ಹೆಡ್‌ಮಾಸ್ಟರು. "ನನಗೆ ಬೇಕು, ಸರ್" ಎಂದೆ. ಸೋಮವಾರದಿಂದ ಪಾಠ. ಅಮ್ಮನಿಗೆ ಇನ್ನೂ ಗೊತ್ತಿಲ್ಲ, ಈಗ ಒಳಗೆ ಹೋಗಿ ಹೇಳುತ್ತೇನೆ. ಈ ಪತ್ರ ನಿಮಗೆ ಸಿಗುವಷ್ಟರಲ್ಲಿ ಅವಳು ಫೋನು ಮಾಡಿ ನಿಮಗೆ ಬೇಕಾದಷ್ಟು ಬೈದೂ ಆಗಿರುತ್ತದೆ.